ಕೊಂಡರೆ ಇಟ್ಟುಕೊಳ್ಳಿ: ಆಫ್ರಿಕಾದ ಚಿತ್ರಗಳ ಹಿಂದೆ ಬಿದ್ದಿರುವ ಸಂಗ್ರಾಹಕರಿಗೆ ಒಂದು ಬಹಿರಂಗ ಪತ್ರ

ಲಂಡನ್, ನ್ಯೂಯಾರ್ಕ್, ದುಬೈ, ಹಾಂಗ್‌ಕಾಂಗ್‌ನ ಕಲಾ ಸಂಗ್ರಾಹಕರೇ, ಈಚೆಗೆ ಆ ಸಾಲಿಗೆ ಸೇರುತ್ತಿರುವ ದೆಹಲಿ, ಮುಂಬೈ, ಬೆಂಗಳೂರಿನವರೇ,

ನಮಸ್ಕಾರ.

ಆಫ್ರಿಕಾದ ಇವತ್ತಿನ ಚಿತ್ರಕಾರರನ್ನು ಜಗತ್ತಿಗೆ ಪರಿಚಯಿಸಬೇಕು, ಅವರಿಗೆ ಪ್ರಚಾರ ಕೊಡಬೇಕು ಅಂತ ಎಲ್ಲ ಕಡೆ ಹೇಳುತ್ತಾರೆ. ಒಳ್ಳೆಯ ಮಾತೇ. ಆದರೆ ಪರಿಚಯದ ಕೆಲಸ ಆಗಲೇ ಸಾಕಷ್ಟು ನಡೆದಿದೆ ಅಲ್ವಾ? 2013ರಲ್ಲಿ ತೂರಿಯಾ ಎಲ್ ಗ್ಲಾವಿ ಅವರು ಲಂಡನ್ನಿನ ಸಾಮರ್‌ಸೆಟ್ ಹೌಸ್‌ನಲ್ಲಿ '1-54' ಮೇಳ ಶುರು ಮಾಡಿದರು. ಒಂದು ಖಂಡ, 54 ದೇಶ ಅನ್ನೋದು ಆ ಹೆಸರಿನ ಲೆಕ್ಕ. 2015ಕ್ಕೆ ಅದು ನ್ಯೂಯಾರ್ಕ್‌ಗೂ ಹೋಯಿತು, 2018ಕ್ಕೆ ಮರಾಕೆಶ್‌ಗೂ ಬಂತು. ಲಾಗೋಸ್‌ನಲ್ಲಿ 2016ರಿಂದ 'ಆರ್ಟ್ ಎಕ್ಸ್' ಕಲಾಮೇಳ ನಡೆಯುತ್ತಿದೆ. ಕೇಪ್‌ಟೌನ್ ಬಂದರಿನ ಹಳೇ ಧಾನ್ಯದ ಗೋದಾಮೊಂದು 2017ರಲ್ಲಿ ಆಫ್ರಿಕಾದ ಇವತ್ತಿನ ಕಲೆಯ ಝೈಟ್ಸ್ ಮ್ಯೂಸಿಯಂ ಆಯಿತು. ಅದೇ ವರ್ಷ ಸದಬೀಸ್‌ನವರು ಆಫ್ರಿಕಾದ ಆಧುನಿಕ ಕಲೆಗೆ ಅಂತಲೇ ಪ್ರತ್ಯೇಕ ಹರಾಜು ಶುರು ಮಾಡಿದರು. ಇಷ್ಟೆಲ್ಲ ಆದ ಮೇಲೂ 'ಬನ್ನಿ, ಆಫ್ರಿಕಾವನ್ನು ಕಂಡುಹಿಡಿಯಿರಿ' ಅಂತ ಕರಪತ್ರ ಹಂಚುವವರನ್ನು ಕಂಡರೆ ನಗು ಬರುತ್ತದೆ.

ನಾನು ಬರೆಯುತ್ತಿರುವುದು ಬೇರೆ ವಿಷಯಕ್ಕೆ. ನೀವು ಕೊಳ್ಳುವ ರೀತಿ ಸರಿಯಿಲ್ಲ. ಎಲ್ಲರೂ ಅಂತ ಹೇಳುತ್ತಿಲ್ಲ, ಆದರೆ ಬಹಳ ಜನ.

ಅಮೋವಾಕೋ ಬೋಆಫೋ ಅವರ ಕಥೆ ನಿಮಗೆ ಗೊತ್ತೇ ಇರುತ್ತದೆ. ನಮ್ಮ ಓದುಗರಿಗಾಗಿ ಹೇಳುತ್ತೇನೆ. 1984ರಲ್ಲಿ ಘಾನಾದ ಅಕ್ರಾದಲ್ಲಿ ಹುಟ್ಟಿದವರು. ಅಲ್ಲಿನ ಘನಾಟಾ ಕಲಾ ಕಾಲೇಜಿನಲ್ಲಿ ಓದಿ, ಆಮೇಲೆ ವಿಯೆನ್ನಾದ ಕಲಾ ಅಕಾಡೆಮಿಗೆ ಹೋದರು. ಇವರ ಚಿತ್ರಗಳಲ್ಲಿ ಮುಖ, ತೋಳು, ಕಾಲು ಯಾವುದಕ್ಕೂ ಬ್ರಶ್ ಇಲ್ಲ, ಬೆರಳಲ್ಲೇ ಬಣ್ಣ ಎಳೆಯುತ್ತಾರೆ. ಹತ್ತಿರ ಹೋಗಿ ನೋಡಿದರೆ ಕೆನ್ನೆಯ ಮೇಲೆ ಕಂದು, ನೀಲಿ, ಹಳದಿ ಗೆರೆಗಳು ಒಂದರೊಳಗೊಂದು ಸುತ್ತಿಕೊಂಡು ಹೋಗುತ್ತವೆ. ನಾಲ್ಕು ಹೆಜ್ಜೆ ಹಿಂದೆ ಬಂದರೆ ಅದೇ ಗೆರೆಗಳು ಕೂಡಿ ಬಿಸಿಲಿಗೆ ಹೊಳೆಯುವ ಚರ್ಮವಾಗುತ್ತವೆ. ಬಟ್ಟೆ, ಹಿನ್ನೆಲೆಯನ್ನೆಲ್ಲ ಸಪಾಟಾಗಿ ಬಿಟ್ಟುಬಿಡುತ್ತಾರೆ, ಹಾಗಾಗಿ ಕಣ್ಣು ತಾನಾಗಿ ಮುಖಕ್ಕೇ ಹೋಗಿ ನಿಲ್ಲುತ್ತದೆ. 2018ರಲ್ಲಿ ಅಮೆರಿಕದ ಚಿತ್ರಕಾರ ಕೆಹಿಂಡೆ ವೈಲಿ ಇನ್‌ಸ್ಟಾಗ್ರಾಮ್‌ನಲ್ಲಿ ಇವರ ಕೆಲಸ ನೋಡಿ ತಮ್ಮ ಗ್ಯಾಲರಿಗಳಿಗೆ ಹೇಳಿದರು. ಅಲ್ಲಿಂದ ದಾರಿ ತೆರೆಯಿತು.

ಇಲ್ಲಿಯವರೆಗೆ ಎಲ್ಲ ಚಂದ. ಮುಂದೆ ನೋಡಿ. 2019ರಲ್ಲಿ ಇವರು 'ದಿ ಲೆಮನ್ ಬೇದಿಂಗ್ ಸೂಟ್' ಅನ್ನೋ ಚಿತ್ರ ಬರೆದರು. ನಿಂಬೆಹಣ್ಣಿನ ಚಿತ್ತಾರದ ಈಜುಡುಗೆ ತೊಟ್ಟ ಹೆಂಗಸು ಕೊಳದ ಹತ್ತಿರ ಆರಾಮಾಗಿ ಕೂತಿದ್ದಾಳೆ, ಅಷ್ಟೇ. 2020ರ ಫೆಬ್ರುವರಿಗೆ ಆ ಚಿತ್ರ ಲಂಡನ್ನಿನ ಫಿಲಿಪ್ಸ್ ಹರಾಜಿನಲ್ಲಿತ್ತು! ಬಣ್ಣ ಒಣಗಿತ್ತೋ ಇಲ್ಲವೋ. ಅಂದಾಜು ಬೆಲೆ 30ರಿಂದ 50 ಸಾವಿರ ಪೌಂಡ್. ಹೋಗಿದ್ದು 6,75,000 ಪೌಂಡ್‌ಗೆ, ಅಂದರೆ ಆಗಿನ ಲೆಕ್ಕದಲ್ಲಿ 6 ಕೋಟಿ ರೂಪಾಯಿಗೂ ಜಾಸ್ತಿ. ಮರುವರ್ಷದ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್‌ನ ಕ್ರಿಸ್ಟೀಸ್‌ನಲ್ಲಿ ಇವರ 'ಹ್ಯಾಂಡ್ಸ್ ಅಪ್' 34 ಲಕ್ಷ ಡಾಲರ್ ತಲುಪಿತು.

ಚಿತ್ರಕಾರನಿಗೆ ಲಾಭವೇ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಹರಾಜಿನಲ್ಲಿ ಬಂದ ದುಡ್ಡು ಮಾರಿದವರಿಗೆ, ಕಮಿಷನ್ ಹರಾಜು ಮನೆಗೆ. ಬರೆದವರಿಗೆ ಬಹುಪಾಲು ಏನೂ ಇಲ್ಲ, ಅಥವಾ ಕಾನೂನು ಇದ್ದ ಕಡೆ ಚಿಲ್ಲರೆ. ಬೋಆಫೋ ಗಟ್ಟಿಗರು, ತಡೆದುಕೊಂಡರು. ಅವರ ಹಿಂದೆ ಬಂದ 24-25ರ ಹುಡುಗರು, ಹುಡುಗಿಯರ ಪಾಡು ಬೇರೆಯೇ ಆಯಿತು.

ಅದು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬೆಂಗಳೂರಿನಲ್ಲಿ ಹೊಸದಾಗಿ ಕೊಳ್ಳಲು ಹೊರಟವರಿಗೆ ಈ ಒಳಸುಳಿ ಯಾರೂ ಹೇಳುವುದಿಲ್ಲ. ಒಳ್ಳೆಯ ಗ್ಯಾಲರಿ ಹೊಸಬರ ಬೆಲೆಯನ್ನು ಮೆಲ್ಲಗೆ ಏರಿಸುತ್ತದೆ. ಮೊದಲ ಪ್ರದರ್ಶನಕ್ಕೆ ಇಷ್ಟು, ಒಂದು ಮ್ಯೂಸಿಯಂ ಕೊಂಡ ಮೇಲೆ ಇಷ್ಟು, ಹೀಗೆ. ಅಷ್ಟರಲ್ಲಿ ಯಾರೋ ಒಬ್ಬರು ಆ ಬೆಲೆಗೆ ಕೊಂಡು, ಆರೇ ತಿಂಗಳಲ್ಲಿ ಹರಾಜಿಗೆ ಬಿಟ್ಟು, ಹತ್ತು ಪಟ್ಟು ಮಾಡಿಕೊಳ್ಳುತ್ತಾರೆ. ಸುದ್ದಿಯಾಗುತ್ತದೆ. ಎಲ್ಲರೂ ಅದೇ ಹೆಸರು ಹುಡುಕಿಕೊಂಡು ಬರುತ್ತಾರೆ. ಆ ಹೆಸರಿನ ಚಿತ್ರ ಇಟ್ಟುಕೊಂಡವರೆಲ್ಲ ಒಟ್ಟಿಗೆ ಮಾರಾಟಕ್ಕೆ ನಿಲ್ಲುತ್ತಾರೆ. ಒಂದು ದಿನ ಒಂದು ಚಿತ್ರ ಬಿಡ್ ಇಲ್ಲದೆ ವಾಪಸ್ ಹೋಗುತ್ತದೆ, ಮತ್ತೆ ಅದು ಎಲ್ಲರಿಗೂ ಕಾಣುವ ಹಾಗೆ ಹರಾಜಿನ ದಾಖಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಗ್ಯಾಲರಿ ಹಳೇ ಬೆಲೆಗೂ ಮಾರಲಾಗದು, ಬೆಲೆ ಇಳಿಸಲೂ ಆಗದು, ಇಳಿಸಿದರೆ ಮೊದಲು ಕೊಂಡವರು ಜಗಳಕ್ಕೆ ಬರುತ್ತಾರೆ. ಮೂವತ್ತು ತುಂಬುವ ಮೊದಲೇ ಆ ಚಿತ್ರಕಾರನ ಮಾರುಕಟ್ಟೆ ಬಂದ್. 2022ರ ನಂತರ ಹೀಗೆ ನೆಲಕಚ್ಚಿದವರು ಒಬ್ಬಿಬ್ಬರಲ್ಲ, ಅವರಲ್ಲಿ ಆಫ್ರಿಕಾದವರೂ ಬಹಳ ಜನ. ಹೆಸರು ಹೇಳಿ ಅವರಿಗೆ ಇನ್ನೊಂದು ಪೆಟ್ಟು ಕೊಡುವುದಿಲ್ಲ.

ಇದರ ಜೊತೆಗೆ ಫೋನಿನಲ್ಲಿ ನಡೆಯುವ ವ್ಯಾಪಾರ ಬೇರೆ. ಇನ್‌ಸ್ಟಾಗ್ರಾಮ್‌ನಲ್ಲಿ ಚೆನ್ನಾಗಿ ಬರೆಯುವ ಒಬ್ಬ ಹುಡುಗನನ್ನು ನೋಡುವುದು, ಕ್ಯಾನ್ವಾಸು, ಬಣ್ಣ, ಬಾಡಿಗೆ ಎಲ್ಲ ಕೊಡುತ್ತೇನೆ ಅನ್ನುವುದು, ಬದಲಿಗೆ ಸ್ಟುಡಿಯೋದಲ್ಲಿರುವುದನ್ನೆಲ್ಲ ಸಗಟಾಗಿ ಕಡಿಮೆ ದುಡ್ಡಿಗೆ ಎತ್ತಿಕೊಂಡು ಹೋಗುವುದು. ಮನೆಯಲ್ಲಿ ಬಾಡಿಗೆ ಬಾಕಿ ಇರುವಾಗ ಕರಾರು ಪತ್ರದ ಆರನೇ ಪುಟ ಯಾರು ಓದುತ್ತಾರೆ? ಇದನ್ನು 'ಪ್ರೋತ್ಸಾಹ' ಅಂತ ಕರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇನ್ನೊಂದು ಹಾನಿ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ನೀವೆಲ್ಲ ಕಪ್ಪು ಜನರ ಭಾವಚಿತ್ರವನ್ನೇ ಕೇಳಿದ್ದರಿಂದ ಎಲ್ಲರೂ ಭಾವಚಿತ್ರವನ್ನೇ ಬರೆಯತೊಡಗಿದರು. ಗಾಢ ಬಣ್ಣದ ಗೋಡೆ, ಅದರ ಮುಂದೆ ನೇರ ನೋಡುವ ಒಬ್ಬ ಮನುಷ್ಯ. ಅದರಲ್ಲಿ ನಿಜವಾಗಿ ಒಳ್ಳೆಯದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅತ್ತಾ ಕ್ವಾಮಿ ಅಂತ ಒಬ್ಬರಿದ್ದರು, ಘಾನಾದವರೇ, 1956ರಲ್ಲಿ ಹುಟ್ಟಿದವರು. ಇವರ ಚಿತ್ರಗಳಲ್ಲಿ ಮನುಷ್ಯರಿಲ್ಲ. ಬರೀ ಬಣ್ಣದ ಪಟ್ಟಿಗಳು, ಚೌಕಗಳು, ಅವೂ ಸ್ಕೇಲಿಟ್ಟು ಎಳೆದವಲ್ಲ, ಸ್ವಲ್ಪ ವಾಲಿಕೊಂಡವು. ಘಾನಾದ ಕೆಂಟೆ ನೇಯ್ಗೆಯ ಪಟ್ಟಿಗಳು, ಅಲ್ಲಿನ ಕುಮಾಸಿ ಪೇಟೆಯ ಬಣ್ಣ ಬಳಿದ ಗೂಡಂಗಡಿಗಳು ಅದರೊಳಗೆ ಇವೆ. ಅಂಗಡಿ ಬೋರ್ಡು ಬರೆಯುವ ಕುಮಾಸಿಯ ಪೇಂಟರುಗಳ ಕೆಲಸವನ್ನು ಕಾಲೇಜಿನ ಕಲೆಯಷ್ಟೇ ಗಂಭೀರವಾಗಿ ಅಭ್ಯಾಸ ಮಾಡಿ ಪುಸ್ತಕ ಬರೆದವರು ಇವರು. ದಶಕಗಟ್ಟಲೆ ಕೆಲಸ ಮಾಡಿದ ಮೇಲೆ 2021ರಲ್ಲಿ ಮರಿಯಾ ಲಾಸ್ನಿಗ್ ಪ್ರಶಸ್ತಿ ಬಂತು, ಅದರ ಭಾಗವಾಗಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಗೆ ದೊಡ್ಡ ಭಿತ್ತಿಚಿತ್ರದ ಕೆಲಸವೂ ಸಿಕ್ಕಿತು. ಅದೇ ವರ್ಷ ತೀರಿಕೊಂಡರು. ನೀವು ಅಷ್ಟು ಹೊತ್ತು ಎಲ್ಲಿದ್ದಿರಿ?

ಸೂಡಾನಿನ ಇಬ್ರಾಹಿಂ ಎಲ್-ಸಲಾಹಿ ಅವರನ್ನೇ ನೋಡಿ. 1930ರಲ್ಲಿ ಹುಟ್ಟಿದವರು. 1975ರಲ್ಲಿ ಅಲ್ಲಿನ ಸರ್ಕಾರ ವಿಚಾರಣೆಯೇ ಇಲ್ಲದೆ ಇವರನ್ನು ಆರು ತಿಂಗಳು ಖಾರ್ತೂಮ್‌ನ ಜೈಲಿಗೆ ಹಾಕಿತು. ಒಳಗೆ ಕಾಗದ ಇಟ್ಟುಕೊಂಡರೆ ಶಿಕ್ಷೆ. ಸಿಕ್ಕ ಸಣ್ಣ ಸಣ್ಣ ಚೂರುಗಳ ಮೇಲೆ ಗೀಚಿ, ಕಾವಲುಗಾರರಿಗೆ ಕಾಣದ ಹಾಗೆ ಮರಳಲ್ಲಿ ಹೂತಿಡುತ್ತಿದ್ದರು. ಚೂರು ಚೂರಾಗಿ ಯೋಚಿಸಿ ದೊಡ್ಡದನ್ನು ಕಟ್ಟುವ ಆ ಅಭ್ಯಾಸ ಕೈಯಲ್ಲಿ ಉಳಿಯಿತು. 'ದಿ ಇನೆವಿಟಬಲ್' ಅನ್ನೋ ಇವರ ದೊಡ್ಡ ಚಿತ್ರ ಒಂಬತ್ತು ತುಂಡು ಸೇರಿ ಆದದ್ದು. ವಯಸ್ಸಾಗಿ ಮೈಕೈ ನೋವು ಬಂದ ಮೇಲೆ ಏನು ಮಾಡಿದರು ಗೊತ್ತಾ? ಖಾಲಿ ಔಷಧಿ ಡಬ್ಬಿಗಳನ್ನು ಬಿಡಿಸಿ ಅದರ ಒಳಮೈ ಮೇಲೆ ಬರೆಯತೊಡಗಿದರು. ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂ 2013ರಲ್ಲಿ ಇವರ ಜೀವಮಾನದ ಕೆಲಸವನ್ನೆಲ್ಲ ತೋರಿಸಿತು. ಆಗ ಇವರ ವಯಸ್ಸು 80 ದಾಟಿತ್ತು. ಹರಾಜಿನ ಗಡಿಬಿಡಿಯಲ್ಲಿರುವವರಿಗೆ ಇಂಥವರು ಬೇಕಾಗಿಲ್ಲ, ಯಾಕೆಂದರೆ ಇಲ್ಲಿ ಅರ್ಥ ಆಗುವುದಕ್ಕೆ ಸ್ವಲ್ಪ ಹೊತ್ತು ಕೂರಬೇಕು.

ಸುಮ್ನೆ ಬೈಯುವುದಕ್ಕೆ ಈ ಪತ್ರ ಅಲ್ಲ. ಏನನ್ನು ನೋಡಬೇಕು ಅಂತಲೂ ಹೇಳಬೇಕು. ನನ್ನನ್ನು ಕೇಳಿದರೆ ಮೊದಲು ಮೈಕಲ್ ಆರ್ಮಿಟೇಜ್ ಅವರ ಯಾವುದಾದರೂ ಒಂದು ಚಿತ್ರದ ಅಂಚಿನ ಹತ್ತಿರ ಹೋಗಿ ನಿಲ್ಲಿ ಅನ್ನುತ್ತೇನೆ. 1984ರಲ್ಲಿ ನೈರೋಬಿಯಲ್ಲಿ ಹುಟ್ಟಿದವರು. ಇವರು ಕ್ಯಾನ್ವಾಸ್ ಬಳಸುವುದಿಲ್ಲ. ಉಗಾಂಡಾದ ಬುಗಾಂಡಾ ಸೀಮೆಯಲ್ಲಿ ಮುಟೂಬಾ ಅನ್ನೋ ಮರವಿದೆ, ನಮ್ಮ ಆಲ, ಅತ್ತಿಗಳ ಜಾತಿಗೇ ಸೇರಿದ್ದು. ಮಳೆಗಾಲದಲ್ಲಿ ಅದರ ಒಳತೊಗಟೆ ಸುಲಿದು, ಚಪ್ಪರದ ನೆರಳಿನಲ್ಲಿ ಮರದ ಕೊಡತಿಗಳಿಂದ ಬಡಿದು ಬಡಿದು ಹಿಗ್ಗಿಸುತ್ತಾರೆ. ಬಿಸಿಲಿಗಿಟ್ಟರೆ ಬೇಗ ಒಣಗಿ ಹಾಳಾಗುತ್ತದೆ, ಅದಕ್ಕೇ ನೆರಳು. ಕೊನೆಗೆ ಹೆಂಚಿನ ಬಣ್ಣದ ಮೆತ್ತನೆ ಬಟ್ಟೆ ಸಿಗುತ್ತದೆ. ಅದೇ ಲುಬುಗೋ. ರಾಜರ ಪಟ್ಟಾಭಿಷೇಕಕ್ಕೆ ಅದು ಬೇಕು, ಹೆಣ ಸುತ್ತುವುದಕ್ಕೂ ಅದೇ ಬೇಕು. ಹತ್ತಿ ಬಟ್ಟೆ ಬಂದ ಮೇಲೆ ಬಳಕೆ ಕಡಿಮೆಯಾಯಿತು. ಆರ್ಮಿಟೇಜ್ ಇದನ್ನು ನೈರೋಬಿಯ ಪ್ರವಾಸಿಗರ ಮಾರುಕಟ್ಟೆಯಲ್ಲಿ ಕಂಡರು, ಊಟದ ಮೇಜಿನ ಮ್ಯಾಟ್ ಮಾಡಿ ಮಾರುತ್ತಿದ್ದರಂತೆ.

ತೊಗಟೆ ಬಟ್ಟೆ ಸಮತಟ್ಟಾಗಿರುವುದಿಲ್ಲ. ತೂತುಗಳಿರುತ್ತವೆ, ಹರಿದ ಕಡೆ ಹೊಲಿಗೆ ಹಾಕಿರುತ್ತಾರೆ. ಕ್ಯಾನ್ವಾಸ್ ಕಂಪನಿಯಾದರೆ ಅಂಥದ್ದನ್ನು ಬಿಸಾಕುತ್ತಿತ್ತು. ಇವರು ಆ ತೂತುಗಳನ್ನು ಬಿಟ್ಟುಕೊಂಡೇ ಎಣ್ಣೆ ಬಣ್ಣದಲ್ಲಿ ಬರೆಯುತ್ತಾರೆ. ರಾಜಕೀಯ ಸಭೆ, ಗಲಾಟೆ, ದಟ್ಟ ಹಸಿರು, ಎಲ್ಲದರ ನಡುವೆ ಒಂದು ಹೊಲಿಗೆ ಗಾಯದ ಗುರುತಿನಂತೆ ಹಾದುಹೋಗುತ್ತದೆ. ಇದು ಫೋನಿನ ಪರದೆ ಮೇಲೆ ಕಾಣುವುದೇ ಇಲ್ಲ. 2019ರ ನವೆಂಬರ್‌ನಲ್ಲಿ ಇವರ 'ದಿ ಕನ್ಸರ್ವೇಷನಿಸ್ಟ್ಸ್' ನ್ಯೂಯಾರ್ಕ್‌ನ ಸದಬೀಸ್‌ನಲ್ಲಿ 15 ಲಕ್ಷ ಡಾಲರ್‌ಗೆ ಹೋಯಿತು, ಅಂದಾಜು ಬೆಲೆ ಬರೀ 50ರಿಂದ 70 ಸಾವಿರ ಇತ್ತು. ಅವತ್ತು ಕೈ ಎತ್ತಿದವರಲ್ಲಿ ಎಷ್ಟು ಜನ ಆ ಹೊಲಿಗೆ ನೋಡಿದ್ದರೋ.

ಎನ್‌ಜಿಡೆಕಾ ಅಕುನ್ಯಿಲಿ ಕ್ರಾಸ್ಬಿ ಅವರದ್ದು ಇನ್ನೊಂದು ದಾರಿ. ನೈಜೀರಿಯಾದ ಎನುಗುವಿನಲ್ಲಿ 1983ರಲ್ಲಿ ಹುಟ್ಟಿ, ಈಗ ಲಾಸ್ ಏಂಜಲೀಸ್‌ನಲ್ಲಿದ್ದಾರೆ. ದೂರದಿಂದ ನೋಡಿದರೆ ಮನೆಯೊಳಗಿನ ಶಾಂತ ದೃಶ್ಯ, ಮೇಜು, ಕುರ್ಚಿ, ಕೂತ ಒಬ್ಬಳು. ಹತ್ತಿರ ಹೋದರೆ ಗೋಡೆ, ನೆಲ, ಕೆಲವೊಮ್ಮೆ ಮೈಚರ್ಮದ ಮೇಲೂ ನೂರಾರು ಸಣ್ಣ ಫೋಟೋಗಳು. ನೈಜೀರಿಯಾದ ಮ್ಯಾಗಜೀನಿನವು, ಮನೆಯ ಆಲ್ಬಮ್ಮಿನವು, ದ್ರಾವಣ ಹಚ್ಚಿ ಕಾಗದಕ್ಕೆ ಇಳಿಸಿದ್ದು. ಕೆಲವು ಚಿತ್ರಗಳಲ್ಲಿ ಒಬ್ಬ ಹೆಂಗಸಿನ ಮುಖ ಅಚ್ಚಾದ ಬಟ್ಟೆ ಕಾಣುತ್ತದೆ. ಅದು ಇವರ ತಾಯಿ, ಡೋರಾ ಅಕುನ್ಯಿಲಿ. ನೈಜೀರಿಯಾದ ಔಷಧಿ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥೆಯಾಗಿ ನಕಲಿ ಔಷಧಿಯ ದಂಧೆ ಮುರಿದವರು. 2003ರಲ್ಲಿ ಇವರ ಮೇಲೆ ಗುಂಡು ಹಾರಿಸಿದರು, ಗುಂಡು ತಲೆಗೆ ಸುತ್ತಿದ ಬಟ್ಟೆ ಸೀಳಿಕೊಂಡು ಹೋಯಿತು, ಜೀವ ಉಳಿಯಿತು. ಆ ನಕಲಿ ಔಷಧಿಗಳಲ್ಲಿ ಒಂದು ಪಾಲು ಭಾರತದಿಂದ ಹೋದದ್ದು, ಇವರು ನಮ್ಮ ದೇಶದ ಕೆಲವು ಕಂಪನಿಗಳನ್ನೂ ನಿಷೇಧಿಸಿದ್ದರು. ಹಾಗಾಗಿ ಮುಂಬೈ, ಬೆಂಗಳೂರಿನ ಸಂಗ್ರಾಹಕರೇ, ಈ ಚಿತ್ರದ ಮುಂದೆ ನಿಂತಾಗ 'ಓ, ಆಫ್ರಿಕನ್ ಪ್ಯಾಟರ್ನ್, ಎಷ್ಟು ಚೆನ್ನಾಗಿದೆ' ಅಂದುಬಿಡಬೇಡಿ. ಆ ಪ್ಯಾಟರ್ನ್‌ನೊಳಗೆ ನಮ್ಮ ಲೆಕ್ಕವೂ ಇದೆ.

'ಆಫ್ರಿಕನ್ ಪ್ಯಾಟರ್ನ್' ಅಂದೆನಲ್ಲ, ಗ್ಯಾಲರಿಯವರಿಗೂ ಒಂದು ಮಾತು. ಘಾನಾದ ಚಿತ್ರವನ್ನೂ ಸೂಡಾನಿನ ಚಿತ್ರವನ್ನೂ ಒಂದೇ ಗೋಡೆಗೆ ಹಾಕಿ, ಮೇಲೆ 'ಆಫ್ರಿಕಾದ ಲಯ' ಅಂತ ಬೋರ್ಡು ಬರೆಯುವುದನ್ನು ನಿಲ್ಲಿಸಿ. ಖಾರ್ತೂಮ್‌ನಿಂದ ಅಕ್ರಾಕ್ಕೆ ಇರುವ ದೂರ ಬೆಂಗಳೂರಿನಿಂದ ದೆಹಲಿಗಿಂತ ಎಷ್ಟೋ ಜಾಸ್ತಿ. ಊರಿನ ಹೆಸರು ಹೇಳಿ, ಗುರು ಯಾರು, ಯಾವ ಕಾಲೇಜು ಅಂತ ಹೇಳಿ, ಸಾಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದು ದೇಶದ ಚಿತ್ರಗಳ ಬೆಲೆ ಗಟ್ಟಿಯಾಗಿ ನಿಲ್ಲುವುದು ಆ ದೇಶದವರು ಕೊಂಡಾಗ. ನೈಜೀರಿಯಾದ ಬೆನ್ ಎನ್ವೊನ್ವು 1973-74ರಲ್ಲಿ 'ಟುಟು' ಬರೆದರು, ಇಫೆ ರಾಜಮನೆತನದ ಯುವತಿಯ ಚಿತ್ರ, ಅದನ್ನೇ ಮೂರು ಸಲ. ಅದರ ಅಚ್ಚು ಪ್ರತಿಗಳು ನೈಜೀರಿಯಾದ ಎಷ್ಟೋ ಮನೆಗಳ ಗೋಡೆಯ ಮೇಲಿದ್ದವು, ನಮ್ಮ ಅಜ್ಜಿ ಮನೆಗಳಲ್ಲಿ ರವಿವರ್ಮನ ಸರಸ್ವತಿ, ಲಕ್ಷ್ಮಿ ಇದ್ದ ಹಾಗೆ. ಮೂಲ ಚಿತ್ರಗಳು ಮಾತ್ರ ದಶಕಗಟ್ಟಲೆ ಕಾಣೆಯಾಗಿದ್ದವು. ಆಮೇಲೆ ಅದರಲ್ಲೊಂದು, 1974ರದ್ದು, ಲಂಡನ್ನಿನ ಒಂದು ಫ್ಲಾಟಿನಲ್ಲಿ ಸಿಕ್ಕಿತು. 2018ರಲ್ಲಿ ಬಾನಮ್ಸ್ ಹರಾಜು ಹಾಕಿದಾಗ ಲಾಗೋಸ್‌ನಲ್ಲಿ ಜನ ಸೇರಿ ನೇರಪ್ರಸಾರ ನೋಡಿದರು. 12 ಲಕ್ಷ ಪೌಂಡ್‌ಗೆ ಹೋಯಿತು. ಬರೀ ಫ್ಯಾಷನ್ನಿಗೆ ಬಂದ ಬೆಲೆ ಅಲ್ಲ ಅದು. ಆ ಚಿತ್ರದ ಜೊತೆ ಬೆಳೆದ ಒಂದು ಇಡೀ ದೇಶ ಅದರ ಹಿಂದೆ ನಿಂತಿತ್ತು. ಲಾಗೋಸ್‌ನ ಯೆಮಿಸಿ ಶೈಲಾನ್ ಅವರು ತಮ್ಮ ಸಂಗ್ರಹದ ಸುಮಾರು ಸಾವಿರ ಕೃತಿಗಳನ್ನು ಪ್ಯಾನ್-ಅಟ್ಲಾಂಟಿಕ್ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು, 2019ರಲ್ಲಿ ಅಲ್ಲಿ ಮ್ಯೂಸಿಯಂ ತೆರೆಯಿತು.

ಭಾರತದವರಿಗೆ ಇದು ಅರ್ಥವಾಗಬೇಕು. ಹುಸೇನರ 'ಗ್ರಾಮ ಯಾತ್ರೆ' ದಶಕಗಟ್ಟಲೆ ನಾರ್ವೆಯ ಒಂದು ಆಸ್ಪತ್ರೆಯಲ್ಲಿ ನೇತಾಡುತ್ತಿತ್ತು. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ 1 ಕೋಟಿ 38 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಭಾರತದ ಹಳೇ ಚಿತ್ರಗಳ ಬೆಲೆಯನ್ನು ಇವತ್ತು ಹೊತ್ತು ನಿಲ್ಲಿಸಿರುವವರು ಬಹುಪಾಲು ನಮ್ಮವರೇ. ಆಫ್ರಿಕಾದ ಬಹುಪಾಲು ದೇಶಗಳಲ್ಲಿ ಆ ಕೆಲಸ ಈಗಷ್ಟೇ ಶುರುವಾಗಿದೆ. ಅದು ಬೇರು ಬಿಡುವ ತನಕ ನೀವು ಹೊರಗಿನವರು ಸ್ವಲ್ಪ ತಾಳ್ಮೆಯಿಂದ ಇರಬೇಕು, ಅಷ್ಟೇ ಕೇಳುತ್ತಿರುವುದು.

ಚಿತ್ರಕಾರರಂತೂ ತಮ್ಮ ಪಾಲಿನದನ್ನು ಮಾಡುತ್ತಿದ್ದಾರೆ. ಬೋಆಫೋ ಅಕ್ರಾದಲ್ಲಿ 'ಡಾಟ್ ಅಟೆಲಿಯರ್ಸ್' ಕಟ್ಟಿ ಬೇರೆ ಕಲಾವಿದರಿಗೆ ಉಳಿದು ಕೆಲಸ ಮಾಡಲು ಜಾಗ ಮಾಡಿದ್ದಾರೆ. ಆರ್ಮಿಟೇಜ್ ನೈರೋಬಿಯಲ್ಲಿ ಸಮಕಾಲೀನ ಕಲಾ ಸಂಸ್ಥೆ ಸ್ಥಾಪಿಸಿದ್ದಾರೆ, ಪೂರ್ವ ಆಫ್ರಿಕಾದ ಹಿರಿಯರ ಚಿತ್ರಗಳನ್ನು ಅಲ್ಲಿನ ಮಕ್ಕಳೇ ನೋಡುವ ಹಾಗೆ. ಘಾನಾದ ಉತ್ತರದ ತಮಾಲೆಯಲ್ಲಿ ಇಬ್ರಾಹಿಂ ಮಹಾಮಾ 'ರೆಡ್ ಕ್ಲೇ' ಕಟ್ಟಿದ್ದಾರೆ, ಅಲ್ಲಿ ಹಳೇ ವಿಮಾನಗಳನ್ನು ತಂದು ನಿಲ್ಲಿಸಿ ಒಳಗೆ ಮಕ್ಕಳಿಗೆ ಪಾಠ ನಡೆಸುತ್ತಾರೆ. ಮಾರಾಟದ ದುಡ್ಡು ಊರಿಗೆ ವಾಪಸ್ ಹೋಗುವುದು ಹೀಗೆ. ಆದರೆ ಹರಾಜಿನ ಲಾಭದಲ್ಲಿ ಅವರಿಗೆ ಪಾಲೇ ಇಲ್ಲದಿದ್ದರೆ ಎಷ್ಟು ದಿನ ಕಟ್ಟುತ್ತಾರೆ?

ಚಿತ್ರ ಮತ್ತೆ ಮಾರಾಟವಾದಾಗ ಬರೆದವರಿಗೂ ಸ್ವಲ್ಪ ಸಿಗಲಿ ಅಂತ 'ಮರುಮಾರಾಟದ ಪಾಲು' ಅನ್ನೋ ಒಂದು ಹಕ್ಕಿದೆ. ಬ್ರಿಟನ್ನಿನಲ್ಲಿ 2006ರಿಂದ ಇದೆ, ಆದರೆ ಚಿತ್ರ ಎಷ್ಟೇ ಕೋಟಿಗೆ ಹೋಗಲಿ, ಕಲಾವಿದರಿಗೆ 12,500 ಪೌಂಡ್ ಮೇಲೆ ಸಿಗುವುದಿಲ್ಲ. ಅದೂ ಅವರ ದೇಶದಲ್ಲಿ ಅಂಥ ಕಾನೂನು ಇದ್ದರೆ ಮಾತ್ರ. ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾನೂನೇ ಇಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನಲ್ಲೂ ಇದೆ, 10,000 ರೂಪಾಯಿ ಮೇಲಿನ ಮರುಮಾರಾಟಕ್ಕೆ ಹತ್ತು ಪರ್ಸೆಂಟ್ ಮೀರದ ಪಾಲು. ಯಾರಾದರೂ ಕೊಟ್ಟಿದ್ದು ಕೇಳಿದ್ದೀರಾ? ಕಾನೂನು ಕಾಯುತ್ತಾ ಕೂರುವುದೇಕೆ, ಕೊಳ್ಳುವಾಗಲೇ ಬಿಲ್ಲಿನ ಜೊತೆ ಒಂದು ಪುಟ ಬರೆದುಕೊಡಿ. ಐದು ವರ್ಷ ಮಾರುವುದಿಲ್ಲ, ಮಾರುವುದಾದರೆ ಮೊದಲು ಗ್ಯಾಲರಿಗೆ ಕೇಳುತ್ತೇನೆ, ಲಾಭದಲ್ಲಿ ಇಷ್ಟು ಪಾಲು ಬರೆದವರಿಗೆ, ಅವರ ಊರಿನ ಮ್ಯೂಸಿಯಂ ಕೇಳಿದರೆ ಸಾಗಣೆ ಖರ್ಚು ಹಾಕಿಕೊಂಡು ಎರವಲು ಕಳಿಸುತ್ತೇನೆ. ನಾಲ್ಕು ಸಾಲು.

ಇನ್ನೊಂದು ಸಣ್ಣ ಕೆಲಸವೂ ಇದೆ. ತಮ್ಮದೇ ಪ್ರದರ್ಶನದ ಉದ್ಘಾಟನೆಗೆ ವೀಸಾ ಸಿಗದೆ ಮನೆಯಲ್ಲೇ ಕೂತ ಆಫ್ರಿಕಾದ ಕಲಾವಿದರು ಎಷ್ಟೋ ಜನ. ಚಿತ್ರ ವಿಮಾನ ಹತ್ತುತ್ತದೆ, ಬರೆದವರು ಹತ್ತುವ ಹಾಗಿಲ್ಲ. ನಿಮ್ಮಲ್ಲಿ ಮಂತ್ರಿಗಳ, ರಾಯಭಾರಿಗಳ ಜೊತೆ ಊಟ ಮಾಡುವವರಿದ್ದೀರಿ. ಒಂದು ಪತ್ರ ಬರೆಯಿರಿ, ಒಂದು ಫೋನ್ ಮಾಡಿ. ಭಾರತಕ್ಕೆ ಬರುವವರ ವಿಷಯದಲ್ಲೂ ಇದೇ ಮಾತು.

ಪ್ರತಿ ಅಕ್ಟೋಬರಿನಲ್ಲಿ ಸಾಮರ್‌ಸೆಟ್ ಹೌಸ್‌ನಲ್ಲಿ ಮೇಳ ಇರುತ್ತದೆ. ಫೆಬ್ರುವರಿಯಲ್ಲಿ ಕೇಪ್‌ಟೌನ್, ವರ್ಷದ ಕೊನೆಯ ಹೊತ್ತಿಗೆ ಲಾಗೋಸ್. ಆದರೆ ಲಂಡನ್ ಬಿಟ್ಟು ಲಾಗೋಸ್‌ಗೇ ಹೋಗಿ, ಕೊಂಡ ದುಡ್ಡಿನ ಒಂದು ಪಾಲಾದರೂ ಅಲ್ಲಿನ ಗ್ಯಾಲರಿಗೆ ಸೇರಲಿ. ಹೋದಾಗ ಸ್ಟಾಲಿನವರನ್ನು ಬೆಲೆ ಕೇಳುವ ಮೊದಲು ಮೂರು ವಿಷಯ ಕೇಳಿ. ಈ ಚಿತ್ರದ ಬೆಲೆಯಲ್ಲಿ ಬರೆದವರಿಗೆ ಹೋಗುವುದೆಷ್ಟು? ಅವರ ಊರಿನಲ್ಲಿ ಇವರ ಚಿತ್ರ ಯಾರ ಹತ್ತಿರ ಇದೆ? ಹತ್ತು ವರ್ಷದ ಹಿಂದೆ ಇವರು ಏನು ಬರೆಯುತ್ತಿದ್ದರು, ತೋರಿಸುತ್ತೀರಾ? ಉತ್ತರ ಬಾರದಿದ್ದರೆ ಪಕ್ಕದ ಸ್ಟಾಲಿಗೆ ಹೋಗಿ.

ಇಂತಿ,
ಚಿತ್ರ ಕೊಳ್ಳುವಷ್ಟು ದುಡ್ಡಿಲ್ಲದ, ನೋಡುವುದನ್ನು ಬಿಡದ ಒಬ್ಬ ಬೆಂಗಳೂರಿಗ